ಆಕ್ಸರ್ವೇಟ್ ಕಣ್ಣಿನ ಹನಿ: ಕೋರ್ಸ್ ಮುಗಿದು ಎರಡು ವರ್ಷವಾದ ಮೇಲೆ

ಸರ್ಪಸುತ್ತು ಹಣೆ, ರೆಪ್ಪೆಯ ಮೇಲೆ ಎದ್ದರೆ ಕಣ್ಣಿಗೂ ಇಳಿಯಬಹುದು. ಗುಳ್ಳೆ ಒಣಗಿದ ಮೇಲೆ ಮನೆಯವರೆಲ್ಲ ನಿರಾಳವಾಗುತ್ತಾರೆ. ಆದರೆ ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ, ನರ ಹಾಳಾಗಿದ್ದರೆ ನಿಜವಾದ ತೊಂದರೆ ಆಮೇಲೆ ಬರುತ್ತದೆ. ನನ್ನ ಎಡಗಣ್ಣಿಗೆ ಆಗಿದ್ದು ಇದೇ. ಡಾಕ್ಟರ್ ಹತ್ತಿಯ ಎಳೆಯಿಂದ ಕಾರ್ನಿಯಾ ಮುಟ್ಟಿದರು, ನನಗೆ ಗೊತ್ತೇ ಆಗಲಿಲ್ಲ. ಅಲ್ಲಿ ಹುಣ್ಣಿತ್ತು, ನೋವು ಮಾತ್ರ ಇರಲಿಲ್ಲ. ಕಾಯಿಲೆಯ ಹೆಸರು ನ್ಯೂರೋಟ್ರೋಫಿಕ್ ಕೆರಟೈಟಿಸ್.

ನೋವಿಲ್ಲ ಅಂತ ಸುಮ್ಮನಿರುವ ಕಾಯಿಲೆ ಅಲ್ಲ ಇದು. ಕಣ್ಣಿಗೆ ಕಸ ಬಿದ್ದರೂ ತಿಳಿಯುವುದಿಲ್ಲ. ರೆಪ್ಪೆ ಮಿಟುಕಿಸುವುದು, ಕಣ್ಣೀರು ಎರಡೂ ಕಡಿಮೆಯಾಗುತ್ತವೆ. ಗಾಯ ಮಾಯಲು ನರಗಳಿಂದ ಸಿಗಬೇಕಾದ ಪೋಷಣೆಯೂ ನಿಂತುಹೋಗುತ್ತದೆ. ಹಾಗೇ ಬಿಟ್ಟರೆ ಕಾರ್ನಿಯಾ ತೂತಾಗಬಹುದು. ಸಕ್ಕರೆ ಕಾಯಿಲೆ, ತಲೆಯೊಳಗಿನ ಗೆಡ್ಡೆಯ ಆಪರೇಷನ್, ಕುಷ್ಠ, ಕಣ್ಣಿಗೆ ಬಿದ್ದ ರಾಸಾಯನಿಕ, ಇವುಗಳಿಂದಲೂ ಇದು ಬರುತ್ತದೆ.

ಇದಕ್ಕೆ ನಾನು ಹಾಕಿಕೊಂಡ ಹನಿ ಆಕ್ಸರ್ವೇಟ್. ಅದರೊಳಗಿರುವ ಔಷಧ ಸೆನೆಗರ್ಮಿನ್. ನರಗಳನ್ನು ಬೆಳೆಸುವ ಒಂದು ಪ್ರೋಟೀನ್ ನಮ್ಮ ದೇಹದಲ್ಲೇ ಇದೆ. ಅದನ್ನೇ ಬ್ಯಾಕ್ಟೀರಿಯಾ ಬಳಸಿ ತಯಾರಿಸುತ್ತಾರೆ. ಆ ಪ್ರೋಟೀನ್ ಕಂಡುಹಿಡಿದವರು ಇಟಲಿಯ ರೀಟಾ ಲೆವಿ ಮೊಂಟಾಲ್ಚಿನಿ. ಯುದ್ಧದ ಕಾಲದಲ್ಲಿ ಮಲಗುವ ಕೋಣೆಯನ್ನೇ ಲ್ಯಾಬ್ ಮಾಡಿಕೊಂಡು ಕೋಳಿ ಭ್ರೂಣಗಳ ನರ ನೋಡುತ್ತಿದ್ದ ಹೆಣ್ಣುಮಗಳು. 1986ರಲ್ಲಿ ಅವರಿಗೂ ಸ್ಟ್ಯಾನ್ಲಿ ಕೋಹೆನ್‌ಗೂ ನೊಬೆಲ್ ಬಂತು. ಹನಿಗೆ ಯುರೋಪಿನಲ್ಲಿ 2017ರಲ್ಲಿ, ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಸಿಕ್ಕಿತು. ನನ್ನ ಕಣ್ಣಿಗೆ ಹನಿ ಹಾಕಿಕೊಳ್ಳುವಾಗ ಆ ತಾಯಿಯನ್ನು ಎಷ್ಟೋ ಸಲ ನೆನೆದಿದ್ದೇನೆ.

ಬಳಸುವ ಕ್ರಮದ ಬಗ್ಗೆ ಸ್ವಲ್ಪ ಉದ್ದ ಹೇಳುತ್ತೇನೆ, ಏಕೆಂದರೆ ಕಷ್ಟವಿರುವುದು ಅಲ್ಲೇ. ದಿನಕ್ಕೆ 6 ಸಲ, ಎರಡೆರಡು ಗಂಟೆಗೊಂದು ಹನಿ, 8 ವಾರ. ಸಾಮಾನ್ಯ ಐ ಡ್ರಾಪ್ಸ್ ಥರ ಬಾಟಲಿ ಹಿಂಡುವುದಲ್ಲ. ವಾರಕ್ಕೊಂದು ಪೆಟ್ಟಿಗೆ, ಅದರಲ್ಲಿ ದಿನಕ್ಕೊಂದು ಪುಟ್ಟ ಸೀಸೆ. ಪೆಟ್ಟಿಗೆ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಬೆಳಿಗ್ಗೆ ಸೀಸೆಗೆ ಅಡಾಪ್ಟರ್ ಚುಚ್ಚಬೇಕು. ಆಮೇಲೆ ಪ್ರತಿ ಸಲ ಅದರ ಬಾಯಿ ಒರೆಸಿ, ಹೊಸ ಪಿಪೆಟ್‌ನಲ್ಲಿ (ಹನಿ ಬಿಡುವ ಸಣ್ಣ ಕೊಳವೆ) ಎಳೆದು, ಗಾಳಿಗುಳ್ಳೆ ತೆಗೆದು, ಹನಿ ಬಿಡಬೇಕು. ತೆರೆದ ಸೀಸೆ 12 ಗಂಟೆ ಮಾತ್ರ. ಮಿಕ್ಕಿದ್ದನ್ನು ಎಸೆಯಲೇಬೇಕು. ಬೇರೆ ಹನಿಗೂ ಇದಕ್ಕೂ ನಡುವೆ 15 ನಿಮಿಷದ ಅಂತರ ಇರಬೇಕು.

ಒಂದು ಕಣ್ಣು ಮಂಜಾಗಿರುವವರು, ಕೈ ನಡುಗುವ ಹಿರಿಯರು ಇದನ್ನು ಒಬ್ಬರೇ ಮಾಡಿಕೊಳ್ಳುವುದು ಬಹಳ ಕಷ್ಟ. ನನಗೆ ನನ್ನ ಗಂಡ ಜೊತೆಗಿದ್ದರು. ಫೋನಿನಲ್ಲಿ ಅಲಾರಂ ಇಟ್ಟು, ಅಡುಗೆ, ಆಫೀಸು, ಅಂಗಡಿ ಎಲ್ಲವನ್ನೂ ಆ ಎರಡು ಗಂಟೆಯ ಸುತ್ತ ಹೊಂದಿಸಿಕೊಂಡೆವು. ಮನೆಯಲ್ಲಿ ಯಾರಾದರೂ ಈ ಕೆಲಸಕ್ಕೆ ನಿಲ್ಲುವುದಾದರೆ ಮಾತ್ರ ಶುರು ಮಾಡಿ ಎನ್ನುತ್ತೇನೆ.

ಕೋರ್ಸ್ ಅರ್ಧ ದಾಟಿದಾಗ ಹನಿ ಬಿದ್ದರೆ ಕಣ್ಣು ಚುಚ್ಚತೊಡಗಿತು. ಕಣ್ಣು ನೋವು ಇದರ ಸಾಮಾನ್ಯ ಅಡ್ಡಪರಿಣಾಮ, ಡಾಕ್ಟರಿಗೆ ತಿಳಿಸಲೇಬೇಕು. ನಾನೂ ತಿಳಿಸಿದೆ. ಆದರೆ ಮರಗಟ್ಟಿದ್ದ ಕಣ್ಣು ಚುಚ್ಚಿದಾಗ ನನಗಾದ ಸಂತೋಷ ಹೇಳಲಾರೆ. ಕೊನೆಯ ವಾರ ಬಣ್ಣ ಹಾಕಿ ನೀಲಿ ಬೆಳಕಿನಲ್ಲಿ ನೋಡಿದಾಗ, ಮೊದಲು ಹಸಿರಾಗಿ ಹೊಳೆಯುತ್ತಿದ್ದ ಹುಣ್ಣು ಇರಲಿಲ್ಲ.

ಈಗ ಎರಡು ವರ್ಷವಾಗಿದೆ. ಹುಣ್ಣು ಮರುಕಳಿಸಿಲ್ಲ. ಸ್ಪರ್ಶಜ್ಞಾನ ಪೂರ್ತಿ ಬಂದಿಲ್ಲ, ಬಲಗಣ್ಣಿಗಿಂತ ಕಡಿಮೆಯೇ. ಹುಣ್ಣಿದ್ದ ಜಾಗದಲ್ಲಿ ತೆಳು ಕಲೆ ಉಳಿದಿದೆ, ರಾತ್ರಿ ಕಾರಿನ ದೀಪ ಎದುರಾದರೆ ಬೆಳಕು ಚದುರುತ್ತದೆ. ಕಲೆ ಅಳಿಸುವುದು ಈ ಔಷಧದ ಕೆಲಸವಲ್ಲ. ಪ್ರಿಸರ್ವೇಟಿವ್ ಇಲ್ಲದ ಕೃತಕ ಕಣ್ಣೀರು ಈಗಲೂ ಹಾಕುತ್ತೇನೆ, ತಪಾಸಣೆಗೂ ಹೋಗುತ್ತೇನೆ.

ಎಲ್ಲರಿಗೂ ಫಲ ಸಿಗುತ್ತದೆ ಎಂದಲ್ಲ. ಯುರೋಪಿನ ಪರೀಕ್ಷೆಯಲ್ಲಿ 8 ವಾರದಲ್ಲಿ ಪೂರ್ತಿ ವಾಸಿಯಾದವರು ನೂರಕ್ಕೆ 72, ಔಷಧವಿಲ್ಲದ ಹನಿ ಹಾಕಿದವರಲ್ಲಿ 33. ಅಮೆರಿಕದ ಪರೀಕ್ಷೆಯಲ್ಲಿ 65, ಔಷಧವಿಲ್ಲದ ಹನಿಯವರಲ್ಲಿ 17. ವಾಸಿಯಾದವರಲ್ಲೂ ಯುರೋಪಿನ ಗುಂಪಿನಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಮತ್ತೆ ಬಂದಿತ್ತು.

ಇನ್ನು ಬೆಲೆ. ಅಮೆರಿಕದಲ್ಲಿ ಒಂದು ಕೋರ್ಸಿಗೆ ಸುಮಾರು 1 ಲಕ್ಷ ಡಾಲರ್! ನಾನು ಇರುವುದು ನ್ಯೂಜೆರ್ಸಿಯಲ್ಲಿ, ವಿಮೆ ಇದೆ. ಆದರೂ ವಿಮೆಯವರು ಮೊದಲು ಆಗಲ್ಲ ಎಂದರು. ಡಾಕ್ಟರ್ ಫೋಟೊ ಸಮೇತ ಪತ್ರ ಬರೆದ ಮೇಲೆ ಒಪ್ಪಿದರು. ಹುಣ್ಣು ಇರುವಾಗ ಆ ಕಾಯುವಿಕೆ ತುಂಬಾ ಹೆದರಿಸಿತು. ಬ್ರಿಟನ್ನಿನಲ್ಲಂತೂ 2018ರಲ್ಲಿ, ಯಾವ ಔಷಧ ಕೊಡಬಹುದು ಎಂದು ಸಲಹೆ ನೀಡುವ ನೈಸ್ ಸಂಸ್ಥೆ ಸರ್ಕಾರಿ ಆರೋಗ್ಯ ಸೇವೆಗೆ ಇದನ್ನು ಶಿಫಾರಸು ಮಾಡಲಿಲ್ಲ. ಕಣ್ಣು ಉಳಿಸುವ ಔಷಧ ಇಷ್ಟು ದುಬಾರಿಯಾದರೆ ಸಾಮಾನ್ಯರು ಏನು ಮಾಡಬೇಕು? ಈ ಕೋಪ ನನಗೆ ಇನ್ನೂ ಇಳಿದಿಲ್ಲ.

ಊರಿನಲ್ಲಿರುವವರು ಇದನ್ನು ಓದಿ ಎದೆಗುಂದಬೇಡಿ. ನಮ್ಮದೇ ರಕ್ತದಿಂದ ಸೀರಂ (ರಕ್ತದ ತಿಳಿ ದ್ರವ) ಬೇರ್ಪಡಿಸಿ ಮಾಡುವ ಹನಿ ನಮ್ಮ ದೇಶದ ದೊಡ್ಡ ಕಣ್ಣಾಸ್ಪತ್ರೆಗಳಲ್ಲಿ ಸಿಗುತ್ತದೆ. ಅದರಲ್ಲೂ ನರಕ್ಕೆ ಬೇಕಾದ ಪೋಷಕಗಳಿವೆ. ರೆಪ್ಪೆಗಳನ್ನು ಭಾಗಶಃ ಹೊಲಿದು ಕಾರ್ನಿಯಾ ಕಾಪಾಡುವ ಹಳೆಯ ವಿಧಾನವೂ ಇದೆ, ಎಷ್ಟೋ ಕಣ್ಣು ಅದರಿಂದ ಉಳಿದಿವೆ. ಮುಖದ ಮೇಲೆ ಸರ್ಪಸುತ್ತು ಆಗಿದ್ದವರು ಕಣ್ಣಿನ ಡಾಕ್ಟರ್ ಹತ್ತಿರ ಹೋದಾಗ ಆ ಹತ್ತಿಯ ಎಳೆಯ ಪರೀಕ್ಷೆ ಮಾಡಿ ಎಂದು ನೀವೇ ಕೇಳಿ. ಅದಕ್ಕೂ ಮೊದಲು ಮರಗಟ್ಟಿಸುವ ಹನಿ ಹಾಕಿಸಿಕೊಳ್ಳಬೇಡಿ, ಹಾಕಿದರೆ ಪರೀಕ್ಷೆಗೆ ಅರ್ಥವೇ ಇರುವುದಿಲ್ಲ.