ಬಾಗಿಲಲ್ಲಿ ನಗು, ಬೆಂಚಿನಲ್ಲಿ ಗೊಂದಲ: ಮಂಗಳೂರಿನ ಒಂದು ಹಳೆಯ ಚರ್ಚ್ ಸಭೆ ಹೊಸಬರನ್ನು ಬರಮಾಡಿಕೊಳ್ಳುವ ರೀತಿ

ಗುಂಟೂರಿನಿಂದಲೋ ರಾಂಚಿಯಿಂದಲೋ ತಿರುಚಿರಾಪಳ್ಳಿಯಿಂದಲೋ ಓದಲು, ನರ್ಸಿಂಗ್ ಕೆಲಸಕ್ಕೆ, ಬ್ಯಾಂಕಿನ ವರ್ಗಾವಣೆಯ ಮೇಲೆ ಮಂಗಳೂರಿಗೆ ಬಂದ, ಮಾರ್ಟಿನ್ ಲೂಥರರ ಪಂಥಕ್ಕೆ ಸೇರಿದ ಲೂಥರನ್ ಕ್ರೈಸ್ತರು ಆದಿತ್ಯವಾರ ಎಲ್ಲಿಗೆ ಹೋಗುವುದೆಂದು ವಿಚಾರಿಸಿದರೆ, ತಿಳಿದವರು ಬಾಸೆಲ್ ಮಿಶನಿನವರು ಕಟ್ಟಿದ, ಈಗ ಸಿಎಸ್‌ಐಗೆ (ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರೊಟೆಸ್ಟಂಟ್ ಸಭೆಗೆ) ಸೇರಿದ ಹಳೆಯ ಚರ್ಚುಗಳ ದಾರಿ ತೋರಿಸುತ್ತಾರೆ. ತೋರಿಸುವುದು ಸರಿಯಾಗಿಯೇ ಉಂಟು. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲಿನಲ್ಲಿ ಹುಟ್ಟಿದ ಆ ಮಿಶನಿನಲ್ಲಿ ಜರ್ಮನಿಯ ವ್ಯೂರ್ಟೆಂಬರ್ಗಿನ ಲೂಥರನ್ನರೂ ಸ್ವಿಸ್ ರಿಫಾರ್ಮ್ಡ್ ಸಭೆಯವರೂ ಒಟ್ಟಿಗೆ ದುಡಿದರು. 1834ರಲ್ಲಿ ಮಂಗಳೂರಿಗೆ ಬಂದವರೂ ಅವರೇ. ಪಾಪನಿವೇದನೆ, ವಿಶ್ವಾಸ ಪ್ರಮಾಣ, ವೇದಪಾಠ, ಪ್ರಸಂಗ (ಸಭಾಪಾಲಕರ ಉಪದೇಶ), ಆಶೀರ್ವಚನ ಎಂಬ ಕ್ರಮ ಲೂಥರನ್ನರಿಗೆ ಅಪರಿಚಿತವಲ್ಲ. ಭಾಷೆ ಗೊತ್ತಿಲ್ಲದಿದ್ದರೂ ಹಳೆಯ ಜರ್ಮನ್ ರಾಗವೊಂದು ಕಿವಿಗೆ ಬಿದ್ದರೆ ಊರಿನ ನೆನಪಾಗುತ್ತದೆ.

ಹೀಗೆ ಬಂದವರನ್ನು ಸಭೆ ಹೇಗೆ ನೋಡಿಕೊಳ್ಳುತ್ತದೆ ಎಂಬುದಷ್ಟೇ ಈ ವಿಮರ್ಶೆಯ ವಿಷಯ. ಪ್ರಸಂಗದ ಗುಣಮಟ್ಟ, ಕಾಯರಿನ ಶ್ರುತಿ ಇಲ್ಲಿ ಲೆಕ್ಕಕ್ಕಿಲ್ಲ. ನಗರದೊಳಗಿನ ಒಂದು ಸಭೆಯ ಕನ್ನಡ ಆರಾಧನೆಯನ್ನು ಎದುರಿಗಿಟ್ಟುಕೊಂಡಿದ್ದೇವೆ. ಹೆಸರು ಹಾಕುವುದಿಲ್ಲ, ಏಕೆಂದರೆ ಇಲ್ಲಿ ಹೇಳುವ ಕೊರತೆಗಳು ಉಡುಪಿ ಕಡೆಯ ಸಭೆಗಳಿಗೂ ಸಲ್ಲುವಂಥವು. ನಮ್ಮ ತೀರ್ಪು ಮೊದಲೇ ಹೇಳಿಬಿಡುತ್ತೇವೆ: ಬಾಗಿಲಿನ ಸ್ವಾಗತಕ್ಕೆ ಐದರಲ್ಲಿ ನಾಲ್ಕು, ಬೆಂಚಿನಲ್ಲಿ ಕೂತ ಮೇಲಿನ ನೆರವಿಗೆ ಮೂರು, ಕರ್ತನ ಭೋಜನದ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ವಿಧಿಯ) ಹೊತ್ತಿಗೆ ಎರಡು. ಹೊಸಬರಿಗೆ ಕೈ ಹಿಡಿದು ನಡೆಸುವವರು ಬೇಕಾಗುವುದು ಕೊನೆಯ ಆ ಘಳಿಗೆಯಲ್ಲೇ.

ಗೇಟಿನಿಂದ ಶುರು ಮಾಡೋಣ. ಆರಾಧನೆ 8.30ಕ್ಕೆ ಎಂದು ಮೊಬೈಲ್ ನಕ್ಷೆ ತೋರಿಸುತ್ತದೆ. ಹಬ್ಬದ ದಿನ, ಸಂಯುಕ್ತ ಆರಾಧನೆಯ ದಿನ ಸಮಯ ಬದಲಾಗುತ್ತದೆ. ಅದು ಸಭೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಇರುವವರಿಗೆ ಮಾತ್ರ ಗೊತ್ತು. ಹೊಸಬರು ಬಂದು ನೋಡಿದಾಗ ಪ್ರಸಂಗ ಅರ್ಧ ಮುಗಿದಿರುತ್ತದೆ. ಇದಕ್ಕೆ ಮದ್ದು ಸುಲಭ: ಗೇಟಿನಲ್ಲಿ ಮುಂದಿನ ಆದಿತ್ಯವಾರದ ಸಮಯ, ಭಾಷೆ, ಕರ್ತನ ಭೋಜನ ಉಂಟೋ ಇಲ್ಲವೋ ಎಂಬ ಮೂರು ಸಾಲು ಬರೆದ ಹಲಗೆ. ಶನಿವಾರ ಸಂಜೆ ಚರ್ಚ್ ಗುಡಿಸುವವರೇ ಬದಲಾಯಿಸಬಹುದು.

ಬಾಗಿಲಲ್ಲಿ ಇಬ್ಬರು ನಿಲ್ಲುತ್ತಾರೆ, ಒಬ್ಬರು ಸಭಾಹಿರಿಯರು, ಒಬ್ಬರು ಯುವಜನ ಕೂಟದವರು. ಈ ಜೋಡಿ ಚೆನ್ನಾಗಿದೆ. ವಿದ್ಯಾರ್ಥಿಗಳು ಯುವಕನ ಕಡೆ ತಿರುಗುತ್ತಾರೆ, ಸಂಸಾರಸ್ಥರು ಹಿರಿಯರ ಕಡೆ. ಮುಗುಳ್ನಗೆ ಬಲವಂತದ್ದಲ್ಲ, ಮಳೆಗಾಲದಲ್ಲಿ ಕೊಡೆ ಇಡಲು ಬಕೆಟ್ ಉಂಟು, ವಯಸ್ಸಾದವರನ್ನು ಕೈ ಹಿಡಿದು ಮೆಟ್ಟಿಲು ಹತ್ತಿಸುತ್ತಾರೆ. ಆದರೆ ಸ್ಕೂಟರ್, ಕಾರು ನಿಲ್ಲಿಸಿ ಬರುವವರು ಪಕ್ಕದ ಬಾಗಿಲಿನಿಂದ ಒಳಗೆ ನುಗ್ಗುತ್ತಾರೆ, ಅಲ್ಲಿ ಯಾರೂ ಇಲ್ಲ. ಇಬ್ಬರಲ್ಲಿ ಒಬ್ಬರು ಅಲ್ಲಿಗೆ ಸರಿದರೆ ಸಾಕು.

ಬಾಗಿಲಲ್ಲಿ ಕೇಳುವ ಮೊದಲ ಪ್ರಶ್ನೆಯನ್ನಂತೂ ಬದಲಾಯಿಸಲೇಬೇಕು. ನಮ್ಮ ಕಡೆ ಅಪರಿಚಿತರನ್ನು ಕಂಡೊಡನೆ ಬಾಯಿಗೆ ಬರುವುದು ‘ಎಲ್ಲಿ ಆಯ್ತು, ಯಾರ ಮನೆಯವರು?’ ಎಂಬ ಮಾತು. ಕರಾವಳಿಯ ಬಾಸೆಲ್ ಮಿಶನ್ ಕುಟುಂಬಗಳ ನಡುವೆ ಅದು ಪ್ರೀತಿಯ ಮಾತೇ. ಅಡ್ಡಹೆಸರು ಹೇಳಿದ ಕೂಡಲೇ ಅಜ್ಜನ ಕಾಲದ ಸಂಬಂಧ ಸಿಕ್ಕಿಬಿಡುತ್ತದೆ. ರಾಂಚಿಯ ಹುಡುಗಿಗೆ ಹೇಳಲು ಅಂಥ ಮನೆ ಇಲ್ಲ. ಕುತೂಹಲಕ್ಕೆ ಗೆಳತಿಯ ಜೊತೆ ಬಂದ ಹಿಂದೂ ಹುಡುಗನಿಗೂ ಇಲ್ಲ. ಉತ್ತರ ಕೊಡಲಾಗದ ಪ್ರಶ್ನೆಯಿಂದ ಪರಿಚಯ ಶುರುವಾದರೆ ಅವರು ಹೊರಗಿನವರಾಗಿಯೇ ಒಳಗೆ ಬರುತ್ತಾರೆ. ‘ಬನ್ನಿ, ಒಬ್ಬರೇ ಬಂದಿರಾ, ಜೊತೆಗೆ ಯಾರಾದರೂ ಇದ್ದಾರಾ? ಕೂರಲು ಜಾಗ ತೋರಿಸ್ತೇನೆ’ ಎಂದರೆ ಕೆಲಸವೂ ಆಗುತ್ತದೆ, ಮರ್ಯಾದೆಯೂ ಉಳಿಯುತ್ತದೆ.

ಕೂರಿಸುವ ಜಾಗ ಸಣ್ಣ ವಿಷಯವಲ್ಲ. ಗೌರವಕ್ಕೆಂದು ಮುಂದಿನ ಬೆಂಚಿಗೆ ಕರೆದೊಯ್ಯುವ ರೂಢಿ ಇಲ್ಲಿ ಉಂಟು. ಒಳ್ಳೆಯ ಮನಸ್ಸಿನಿಂದ ಮಾಡುವ ತಪ್ಪು ಇದು. ಯಾವಾಗ ಏಳುವುದು, ಯಾವಾಗ ಕೂರುವುದು ಎಂದು ಹೊಸಬರು ಕಲಿಯುವುದು ಎದುರಿನವರ ಬೆನ್ನು ನೋಡಿ. ಮುಂದಿನ ಬೆಂಚಿನಲ್ಲಿ ಎದುರಿಗೆ ಯಾರೂ ಇಲ್ಲ, ಪ್ರತಿ ಸಲ ಹಿಂದೆ ತಿರುಗಿ ನೋಡಬೇಕು. ಹಿಂದಿನಿಂದ ಮೂರನೇ ಅಥವಾ ನಾಲ್ಕನೇ ಸಾಲು, ಗಟ್ಟಿಯಾಗಿ ಹಾಡುವ ಒಂದು ಕುಟುಂಬದ ಪಕ್ಕ, ಸಾಧ್ಯವಾದರೆ ಫ್ಯಾನಿನ ಕೆಳಗೆ: ಇದು ಸರಿಯಾದ ಜಾಗ. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ ಕೂರುವ ಹಳೆಯ ಅಭ್ಯಾಸ ಇಲ್ಲಿ ಪೂರ್ತಿ ಹೋಗಿಲ್ಲ. ಗಂಡ ಹೆಂಡತಿ ಒಟ್ಟಿಗೆ ಬಂದಾಗ ಒಟ್ಟಿಗೆ ಕೂರಬಹುದೆಂದು ಬಾಗಿಲಲ್ಲೇ ಹೇಳಿಬಿಟ್ಟರೆ ಅರ್ಧ ಮುಜುಗರ ತಪ್ಪುತ್ತದೆ.

ಇನ್ನು ಪುಸ್ತಕ. ಗೀತಪುಸ್ತಕ ಕೈಗೆ ಕೊಡುತ್ತಾರೆ, ಗೋಡೆಯ ಹಲಗೆಯಲ್ಲಿ ಗೀತಗಳ ನಂಬ್ರ ದೊಡ್ಡದಾಗಿ ಕಾಣುತ್ತದೆ. ಅಷ್ಟರ ಮಟ್ಟಿಗೆ ಅಚ್ಚುಕಟ್ಟು. ಆರಾಧನಾ ಕ್ರಮದ ಪುಸ್ತಕ ಮಾತ್ರ ಯಾರೂ ಕೊಡುವುದಿಲ್ಲ, ಸದಸ್ಯರಿಗೆಲ್ಲ ಅದು ಬಾಯಿಪಾಠ. ಸಭಾಪಾಲಕರು ಒಂದು ಸಾಲು ಹೇಳಿದಾಗ ಸುತ್ತಲಿನವರೆಲ್ಲ ಒಂದೇ ಸ್ವರದಲ್ಲಿ ಉತ್ತರ ಕೊಡುತ್ತಾರೆ, ಹೊಸಬರು ಗೀತಪುಸ್ತಕದ ಹಾಳೆ ತಿರುವುತ್ತ ಅದನ್ನು ಹುಡುಕುತ್ತಿರುತ್ತಾರೆ. ಅದು ಅಲ್ಲಿ ಇಲ್ಲವೆಂದು ಅವರಿಗೆ ಹೇಗೆ ಗೊತ್ತಾಗಬೇಕು?

ಬೇಕಾದದ್ದು ಒಂದು ಎ4 ಹಾಳೆ, ನಡುವೆ ಮಡಚಿ ನಾಲ್ಕು ಪುಟ. ಪಾಪನಿವೇದನೆ, ವಿಶ್ವಾಸ ಪ್ರಮಾಣ, ಕರ್ತನ ಪ್ರಾರ್ಥನೆ, ಸಭೆಯ ಉತ್ತರಗಳು ಇಷ್ಟೇ ಅದರಲ್ಲಿರಲಿ. ಕನ್ನಡ ಲಿಪಿಯಲ್ಲಿ ಒಂದು ಸಾಲು, ಅದರ ಕೆಳಗೆ ಅದೇ ಉಚ್ಚಾರಣೆ ಇಂಗ್ಲಿಷ್ ಅಕ್ಷರದಲ್ಲಿ. ಸಭೆ ಹೇಳುವ ಮಾತು ದಪ್ಪಕ್ಷರದಲ್ಲಿ, ‘ಏಳಿ’, ‘ಕುಳಿತುಕೊಳ್ಳಿ’ ಎಂಬುದು ಅಂಚಿನಲ್ಲಿ. ಅಕ್ಷರ 14 ಪಾಯಿಂಟಿಗಿಂತ ಸಣ್ಣದಾದರೆ ಕನ್ನಡದ ಒತ್ತಕ್ಷರ ವಯಸ್ಸಾದವರ ಕಣ್ಣಿಗೆ ಹಿಡಿಯುವುದಿಲ್ಲ. ಜೆರಾಕ್ಸಿನ ತೆಳು ಕಾಗದ ಬೇಡ, ಜುಲೈಯ ತೇವದಲ್ಲಿ ಬೇಗ ಮುದ್ದೆಯಾಗುತ್ತದೆ. ಲ್ಯಾಮಿನೇಟ್ ಮಾಡಿದ್ದು ಟ್ಯೂಬ್‌ಲೈಟಿಗೆ ಹೊಳೆದು ಓದಲಾಗುವುದಿಲ್ಲ. ಮದುವೆ ಕಾಗದದಷ್ಟು ದಪ್ಪ ಇದ್ದರೆ ಸರಿ. ಕರ್ತನ ಪ್ರಾರ್ಥನೆಯ ಕೆಳಗೆ ‘ನಿಮ್ಮ ಭಾಷೆಯಲ್ಲೇ ಹೇಳಬಹುದು’ ಎಂದೊಂದು ಸಾಲು ಸೇರಿಸಿ. ತೆಲುಗು, ತಮಿಳು, ಹಿಂದಿ ಯಾವುದರಲ್ಲಿ ಹೇಳಿದರೂ ಹೆಚ್ಚುಕಡಿಮೆ ಒಟ್ಟಿಗೇ ಆಮೆನ್ ಎನ್ನುತ್ತಾರೆ.

ಪರದೆಯ ಮೇಲೆ ಹಾಕುತ್ತೇವಲ್ಲ ಎಂದು ಕಮಿಟಿಯವರು ಹೇಳಬಹುದು. ಈಗ ಪರದೆಯಲ್ಲಿ ಬರುವುದು ಗೀತಗಳು ಮಾತ್ರ, ಅದೂ ಕನ್ನಡ ಲಿಪಿಯಲ್ಲಿ ಮಾತ್ರ. ಕರೆಂಟು ಹೋದರೆ ಅದೂ ಇಲ್ಲ.

ಮೆಚ್ಚಲೇಬೇಕಾದ ಒಂದು ಸಂಗತಿ: ಪ್ರಕಟಣೆಯ ಹೊತ್ತಿಗೆ ಹೊಸಬರನ್ನು ನಿಲ್ಲಿಸಿ ಮೈಕಿನಲ್ಲಿ ಹೆಸರು, ಊರು ಹೇಳಿಸುವ ಪದ್ಧತಿಯನ್ನು ಈ ಸಭೆ ಕೈಬಿಟ್ಟಿದೆ. ಹೂವು ಕೊಟ್ಟು ಚಪ್ಪಾಳೆ ತಟ್ಟುವುದು ಆದರವೆಂದು ಹಲವು ಕಡೆ ಇನ್ನೂ ನಂಬಿದ್ದಾರೆ. ಮನೆಯಲ್ಲಿ ಸಾವಾಗಿ ಸಮಾಧಾನ ಹುಡುಕಿಕೊಂಡು ಬಂದವರಿಗೆ, ಇನ್ನೊಂದು ಸಭೆಯಲ್ಲಿ ಮನಸ್ಸು ಮುರಿದುಕೊಂಡು ಬಂದವರಿಗೆ ಆ ಚಪ್ಪಾಳೆ ಸಹಿಸಲಾಗುವುದಿಲ್ಲ. ಅವರು ಎರಡನೇ ಸಲ ಬರುವುದಿಲ್ಲ. ಇಲ್ಲಿ ‘ಹೊಸದಾಗಿ ಬಂದವರಿಗೆ ಸ್ವಾಗತ, ಆರಾಧನೆಯ ನಂತರ ಬಲಗಡೆಯ ಜಗಲಿಯಲ್ಲಿ ಸಿಗೋಣ’ ಎಂದಷ್ಟೇ ಹೇಳುತ್ತಾರೆ.

ಕರ್ತನ ಭೋಜನದ ಆದಿತ್ಯವಾರ ಪೀಠದಿಂದ ಸಮಾಧಾನವನ್ನು, ಅಂದರೆ ಕೈಯಿಂದ ಕೈಗೆ ಸಾಗುವ ಶಾಂತಿಯ ವಂದನೆಯನ್ನು, ಹಂಚುವ ಸಿಎಸ್‌ಐ ಕ್ರಮ ಲೂಥರನ್ನರಿಗೂ ಹೊಸದಾಗಿರಬಹುದು. ಈ ಸಭೆ ಅದನ್ನು ಹಳೆಯ ರೀತಿಯಲ್ಲೇ ಉಳಿಸಿಕೊಂಡಿದೆ. ಕೊಡುವವರು ತಮ್ಮ ಬಲಗೈಯನ್ನು ಪಡೆಯುವವರ ಬಲಗೈಗೆ ಸೇರಿಸುತ್ತಾರೆ, ಆಮೇಲೆ ಇಬ್ಬರೂ ತಮ್ಮ ಎಡಗೈಯನ್ನು ಎದುರಿನವರ ಬಲಗೈಯ ಹೊರಗಡೆ ಮುಚ್ಚುತ್ತಾರೆ. ಪಡೆದವರು ಬೆಂಚಿನಲ್ಲಿ ಪಕ್ಕದವರಿಗೆ ಕೊಡುತ್ತಾರೆ. ಹೊಸಬರು ಕೈ ಕುಲುಕಲು ಹೋದರೆ ಬೆರಳು ತೊಡಕುತ್ತದೆ, ನಮಸ್ಕಾರ ಮಾಡಿದರೆ ಸಾಲು ಅಲ್ಲೇ ನಿಲ್ಲುತ್ತದೆ. ಪಕ್ಕದಲ್ಲಿ ಕೂತವರು ಮೊದಲೇ ‘ಈಗ ಹೀಗೆ ಕೈ ಕೊಡ್ತಾರೆ’ ಎಂದು ಪಿಸುಮಾತಿನಲ್ಲಿ ತೋರಿಸಿದರೆ ಮುಗಿಯಿತು. ಗಟ್ಟಿಯಾಗಿ ಹಾಡುವ ಕುಟುಂಬದ ಪಕ್ಕ ಕೂರಿಸಿ ಎಂದದ್ದು ಇದಕ್ಕೂ ಸೇರಿಸಿಯೇ.

ಈಗ ಎರಡೇ ಅಂಕ ಕೊಟ್ಟ ಭಾಗ. ಭೋಜನಕ್ಕೆ ಯಾರು ಬರಬಹುದು, ಯಾರು ಕೂತಿರಬಹುದು, ಬಂದರೆ ಹೇಗೆ ಎಂದು ಯಾರೂ ಹೇಳುವುದಿಲ್ಲ. ಬೆಂಚು ಬೆಂಚಾಗಿ ಬಿಡುವ ಸ್ವಯಂಸೇವಕರು ಬಂದು ಕೈ ಸನ್ನೆ ಮಾಡುತ್ತಾರೆ. ದೀಕ್ಷಾಸ್ನಾನ ಆಗದವರು ನಾಚಿಕೆಯಿಂದ ಎದ್ದು ಭೋಜನಕ್ಕೆ ಹೋಗಿಬಿಡುತ್ತಾರೆ, ಅರ್ಹರಾದವರು ಅನುಮಾನದಿಂದ ಕೂತೇ ಇರುತ್ತಾರೆ. ಎರಡರಲ್ಲೂ ತಪ್ಪು ಹೊಸಬರದ್ದಲ್ಲ.

ಲೂಥರನ್ನರಿಗೆ ಇದು ಹಗುರವಾದ ವಿಷಯವೂ ಅಲ್ಲ. ರೊಟ್ಟಿ ದ್ರಾಕ್ಷಾರಸದೊಡನೆ ಕ್ರಿಸ್ತನ ದೇಹ ರಕ್ತ ನಿಜವಾಗಿಯೂ ಸಿಗುತ್ತದೆ ಎಂಬುದು ಅವರು ಬಾಲ್ಯದಿಂದ ಕಲಿತ ಪಾಠ. 1529ರಲ್ಲಿ ಜರ್ಮನಿಯ ಮಾರ್‌ಬುರ್ಗಿನಲ್ಲಿ ಲೂಥರ್ ಮತ್ತು ಸ್ವಿಸ್ ಸುಧಾರಕ ಜ್ವಿಂಗ್ಲಿ ಒಮ್ಮತಕ್ಕೆ ಬಾರದೆ ಬೇರಾದದ್ದು ಈ ಒಂದು ಮಾತಿನ ಮೇಲೆ. ಅಮೆರಿಕದ ಲೂಥರನ್ ಸಂಸ್ಥೆಯಾದ ಮಿಸ್ಸೂರಿ ಸಿನಡಿನ ಮೂಲದ ಲೂಥರನ್ ಸಭೆಗಳಲ್ಲಿ ಬೆಳೆದವರು ತಮ್ಮ ವಿಶ್ವಾಸ ಒಪ್ಪುವ ಸಭೆಯಲ್ಲದೆ ಬೇರೆಡೆ ಭೋಜನ ತೆಗೆದುಕೊಳ್ಳದಿರಬಹುದು. ಅಂಥವರು ಕೂತಿದ್ದರೆ ಅದು ಅಸಡ್ಡೆಯಲ್ಲ, ಭಕ್ತಿ. ಎಬ್ಬಿಸಬಾರದು. ‘ಉಪವಾಸ ಇರಬೇಕಾ, ನಾನು ತಿಂಡಿ ತಿಂದು ಬಂದೆ’ ಎಂದು ಹಿಂಜರಿಯುವವರೂ ಇದ್ದಾರೆ. ಉಪವಾಸ ಒಳ್ಳೆಯ ಹೊರಗಿನ ಶಿಸ್ತು, ಆದರೆ ‘ನಿಮಗಾಗಿ’ ಎಂಬ ಮಾತನ್ನು ನಂಬುವವನೇ ಯೋಗ್ಯನು ಎಂದು ಲೂಥರ್ ಅದೇ 1529ರ ಚಿಕ್ಕ ಪ್ರಶ್ನೋತ್ತರ ಎಂಬ ಬೋಧನಾ ಪುಸ್ತಕದಲ್ಲಿ ಕಲಿಸಿದ್ದಾರೆ. ಬಾಗಿಲಲ್ಲಿ ನಿಲ್ಲುವವರಿಗೆ ಇಷ್ಟು ತಿಳಿದಿದ್ದರೆ ಒಳ್ಳೆಯದು.

ಪ್ರಸಂಗದ ನಂತರ ಸಭಾಪಾಲಕರು ಅರ್ಧ ನಿಮಿಷ ತೆಗೆದುಕೊಂಡು ಹೀಗೆ ಹೇಳಲಿ: ‘ಯಾವ ಸಭೆಯವರಾದರೂ ಸರಿ, ಅಲ್ಲಿ ಕರ್ತನ ಭೋಜನದಲ್ಲಿ ಪಾಲುಗಾರರಾಗಿದ್ದರೆ ಇಲ್ಲಿಯೂ ಬನ್ನಿ. ಆಶೀರ್ವಾದ ಮಾತ್ರ ಬೇಕಾದವರು ಬಂದು ಎದೆಯ ಮೇಲೆ ಕೈ ಕಟ್ಟಿಕೊಳ್ಳಿ. ಕೂತು ಪ್ರಾರ್ಥಿಸುವವರು ನಿಶ್ಚಿಂತೆಯಿಂದ ಕೂತಿರಿ.’ ಉಳಿದದ್ದು ಹಾಳೆಯ ನಾಲ್ಕನೇ ಪುಟದಲ್ಲಿ: ನಡುವಿನ ದಾರಿಯಿಂದ ಹೋಗಿ, ಪೀಠದ ಎದುರಿನ ಕಟಕಟೆಯ ಮುಂದೆ ಮೊಣಕಾಲೂರಿ, ಎಡಗೈ ಮೇಲೆ ಬಲಗೈ ಚಾಚಿ, ಗೋಡೆಯ ಪಕ್ಕದ ದಾರಿಯಿಂದ ಮರಳಿ ಬನ್ನಿ. ಮೊಣಕಾಲು ನೋವಿದ್ದವರು ನಿಂತೇ ಪಡೆಯಬಹುದು ಎಂಬುದೂ ಬೇಕು.

ಇಲ್ಲೊಂದು ತೊಡಕು ಉಂಟು. ಬೆಂಚಿನ ತುದಿಯಲ್ಲಿ ಕೂತ ಹೊಸಬರು ಏಳದಿದ್ದರೆ ಉಳಿದವರೆಲ್ಲ ಅವರ ಮೊಣಕಾಲು ದಾಟಿ ಹೋಗಬೇಕು, ಇಡೀ ಸಾಲಿನ ಕಣ್ಣು ಅವರ ಮೇಲೆ. ಹಾಗಾಗಿ ಭೋಜನ ಇರುವ ದಿನ ನಡುದಾರಿಯ ತುದಿ ಬೇಡ, ಗೋಡೆಯ ಕಡೆಯಿಂದ ಎರಡನೆಯವರಾಗಿ ಕೂರಿಸಿ. ಹಿಂದಿರುಗಿ ಬರುವವರಿಗೆ ಅವರು ಸ್ವಲ್ಪ ಕಾಲು ಸರಿಸಿದರೆ ಸಾಕಾಗುತ್ತದೆ.

ಕಾಣಿಕೆ ಚೀಲ ಎದುರಿಗೆ ಬಂದಾಗ ಜೇಬು ತಡಕುವವರಿಗೆ ‘ಅತಿಥಿಗಳು ಹಾಕಲೇಬೇಕೆಂದಿಲ್ಲ’ ಎಂಬ ಒಂದು ಸಾಲು ಸಾಕು. ಮಕ್ಕಳ ವಿಷಯದಲ್ಲಿ ಸಭೆ ಉದಾರಿ, ಅಳುವ ಮಗುವಿನ ಕಡೆ ಯಾರೂ ಕಣ್ಣು ಕೆಕ್ಕರಿಸುವುದಿಲ್ಲ. ಸಂಡೇ ಸ್ಕೂಲ್ ಎಲ್ಲಿ, ಶೌಚಾಲಯ ಎಲ್ಲಿ ಎಂಬ ಫಲಕ ಮಾತ್ರ ಇಲ್ಲ.

ಮುಗಿದ ಮೇಲಿನ ಹತ್ತು ನಿಮಿಷ ಬಹಳ ಮುಖ್ಯ. ಸ್ತ್ರೀ ಸಂಘದವರು ಚಹಾ, ಗೋಳಿಬಜೆ ಇಡುವ ದಿನ ಜಗಲಿ ತುಂಬಿರುತ್ತದೆ, ಆದರೆ ಸದಸ್ಯರು ತುಳುವಿನಲ್ಲಿ ತಮ್ಮ ತಮ್ಮೊಳಗೆ ಮಾತಿಗೆ ಬಿದ್ದಿರುತ್ತಾರೆ. ಕಮಿಟಿಯವರೆಲ್ಲ ಕಾಣಿಕೆ ಎಣಿಸಲು ಒಳಗೆ. ಹೊಸಬರು ಗ್ಲಾಸು ಹಿಡಿದು ಗೋಡೆಯ ಮೇಲಿನ ಶಿಲಾಫಲಕ ಓದುತ್ತ ನಿಲ್ಲುತ್ತಾರೆ. ಎಣಿಸಲು ಮೂವರು ಸಾಕು. ಉಳಿದವರು ಆಶೀರ್ವಚನದ ನಂತರದ ಮೊದಲ ಹತ್ತು ನಿಮಿಷ ತಮಗೆ ಗುರುತಿಲ್ಲದವರೊಡನೆಯೇ ಮಾತಾಡುವುದೆಂದು ನಿಶ್ಚಯಿಸಿಕೊಳ್ಳಲಿ. ಅಣ್ಣ, ಅಕ್ಕ ಅಂದುಕೊಂಡು ಮಾತಾಡಿಸುವ ಸೌಜನ್ಯ ನಮ್ಮವರಲ್ಲಿ ಧಾರಾಳ ಉಂಟು, ಮೊದಲು ಕಾಲು ಆ ಕಡೆ ಹೋಗಬೇಕಷ್ಟೇ.

ಫೋನ್ ನಂಬ್ರ ತೆಗೆದುಕೊಂಡ ಮೇಲೆ ಮಂಗಳವಾರದೊಳಗೆ ಸಭಾಪಾಲಕರಿಂದ ಒಂದು ಸಂದೇಶ ಬರುತ್ತದೆ, ಅದು ಶಿಸ್ತಾಗಿ ನಡೆಯುತ್ತಿದೆ. ಆದರೆ ಕೇಳದೆ ಗುಂಪಿಗೆ ಸೇರಿಸುವುದು ನಿಲ್ಲಬೇಕು. ದಿನಕ್ಕೆ ನಲವತ್ತು ಶುಭೋದಯ ಬಂದರೆ ಒಳ್ಳೆಯ ಮನಸ್ಸಿನವರೂ ಗುಂಪು ಬಿಟ್ಟು ಹೋಗುತ್ತಾರೆ, ಬಿಟ್ಟ ಮೇಲೆ ಚರ್ಚಿಗೆ ಬರಲು ಮುಖವಿಲ್ಲದಂತಾಗುತ್ತದೆ. ಮನೆಗೆ ಭೇಟಿ ಅವರು ಕರೆದರೆ ಮಾತ್ರ. ಹಾಸ್ಟೆಲಿನಲ್ಲಿರುವ ಹುಡುಗಿಯರ ವಿಷಯದಲ್ಲಂತೂ ಇದನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು.

ಮೊದಲ ಸಲ ಹೋಗುವವರು ಈ ಸಭೆಗೆ ಧೈರ್ಯವಾಗಿ ಹೋಗಬಹುದು. ಭೋಜನವಿಲ್ಲದ ಆದಿತ್ಯವಾರ ಆರಿಸಿಕೊಳ್ಳಿ, ಇಲ್ಲಿ ಅದು ತಿಂಗಳ ಎರಡನೆಯ ಅಥವಾ ಮೂರನೆಯ ವಾರ. ಕ್ರಿಸ್ಮಸ್, ಈಸ್ಟರಿನ ಜನಜಂಗುಳಿಯಲ್ಲಿ ಯಾರು ಹೊಸಬರೆಂದು ಬಾಗಿಲಲ್ಲಿ ನಿಂತವರಿಗೂ ಗೊತ್ತಾಗುವುದಿಲ್ಲ. ಕಾಲು ಗಂಟೆ ಮುಂಚೆ ತಲುಪಿ, ಮುಂಬಾಗಿಲಿನಿಂದ ಒಳಗೆ ಹೋಗಿ, ಆರಾಧನಾ ಕ್ರಮದ ಪುಸ್ತಕ ಕೊಡಿ ಎಂದು ಬಾಯಿಬಿಟ್ಟು ಕೇಳಿ. ಕಪಾಟಿನಲ್ಲಿ ಪ್ರತಿಗಳಿವೆ, ಕೇಳಿದವರಿಗೆ ಸಂತೋಷದಿಂದ ತೆಗೆದುಕೊಡುತ್ತಾರೆ.