ಇನ್ಸುಲಿನ್ ಡೋಸ್ ಲೆಕ್ಕ ಹಾಕುವ ಆ್ಯಪ್: ಬಳಕೆದಾರನ ವಿಮರ್ಶೆ

ಟೈಪ್ 1 ಮಧುಮೇಹ ಇರುವವರು ಪ್ರತಿ ಊಟಕ್ಕೂ ಮುನ್ನ ಮಾಡಲೇಬೇಕಾದ ಲೆಕ್ಕವನ್ನು ಮೊಬೈಲಿಗೆ ವಹಿಸುವ ಆ್ಯಪ್ ಒಂದನ್ನು ನಾನು ಕೆಲವು ಕಾಲದಿಂದ ಬಳಸುತ್ತಿದ್ದೇನೆ. ಊಟದ ಕಾರ್ಬೋಹೈಡ್ರೇಟ್, ಆ ಹೊತ್ತಿನ ಸಕ್ಕರೆ ಮಟ್ಟ, ವೈದ್ಯರು ಗೊತ್ತುಮಾಡಿದ ಅನುಪಾತಗಳು ಹಾಗೂ ಹಿಂದಿನ ಡೋಸಿನಲ್ಲಿ ದೇಹದೊಳಗೆ ಇನ್ನೂ ಕೆಲಸ ಮಾಡುತ್ತಿರುವ ಇನ್ಸುಲಿನ್, ಇವಿಷ್ಟನ್ನೂ ಪರಿಗಣಿಸಿ ಅದು ಡೋಸ್ ಸೂಚಿಸುತ್ತದೆ.

ಉದಾಹರಣೆಗೆ, 10 ಗ್ರಾಂಗೆ 1 ಯೂನಿಟ್ ಇನ್ಸುಲಿನ್ ಬೇಕಾಗುವವರು 60 ಗ್ರಾಂ ಕಾರ್ಬೋಹೈಡ್ರೇಟ್ ತಿನ್ನುವುದಾದರೆ 6 ಯೂನಿಟ್, 1 ಯೂನಿಟ್‌ಗೆ ಸಕ್ಕರೆ 50ರಷ್ಟು ಇಳಿಯುವುದಾದರೆ 220ರಿಂದ 120ಕ್ಕೆ ತರಲು ಮತ್ತೆ 2, ಹಳೆಯದು 1.5 ಉಳಿದಿದ್ದರೆ ಅದನ್ನು ಕಳೆದು ಒಟ್ಟು 6.5. ಹಸಿವಿನ ಹೊತ್ತಿನಲ್ಲಿ ನಾವು ಮರೆಯುವುದು ಈ ಕೊನೆಯ ಕಳೆಯುವಿಕೆಯನ್ನೇ, ಮರೆತರೆ ಡೋಸಿನ ಮೇಲೆ ಡೋಸ್ ಬಿದ್ದು ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಯಾವ ಅಂಕಿ ಎಲ್ಲಿಂದ ಬಂತೆಂಬುದನ್ನು ಆ್ಯಪ್ ಬಿಡಿಸಿ ತೋರಿಸುವುದು ನನಗೆ ಬಹಳ ಹಿಡಿಸಿತು.

ಆದರೆ ಪರೀಕ್ಷೆಗೆಂದು 60ರ ಬದಲು 600 ಗ್ರಾಂ ನಮೂದಿಸಿದಾಗ ಅದು ಚಕಾರವೆತ್ತದೆ 60 ಯೂನಿಟ್ ಎಂದಿತು. ಇದನ್ನು ಕ್ಷಮಿಸುವುದು ಕಷ್ಟ. 2015ರಲ್ಲಿ ಬಿಎಂಸಿ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಕಟವಾದ, ಇಂಥ 46 ಆ್ಯಪ್‌ಗಳ ಅಧ್ಯಯನದಲ್ಲೂ ಶೇ. 91ರಷ್ಟು ಆ್ಯಪ್‌ಗಳು ನಮೂದಿಸಿದ ಅಂಕಿಗಳನ್ನು ಸರಿಯಾಗಿ ಪರಿಶೀಲಿಸುತ್ತಿರಲಿಲ್ಲ. ರಕ್ತದ ಸಕ್ಕರೆಯನ್ನು ಹೇಳುವ ಮಿಲಿಗ್ರಾಂ (ಪ್ರತಿ ಡೆಸಿಲೀಟರ್‌ಗೆ) ಮತ್ತು ಮಿಲಿಮೋಲ್ (ಪ್ರತಿ ಲೀಟರ್‌ಗೆ) ಅಳತೆಗಳ ನಡುವೆ ಸುಮಾರು 18 ಪಟ್ಟು ಅಂತರವಿದ್ದರೂ ಅವುಗಳ ಆಯ್ಕೆಯನ್ನು ಸೆಟ್ಟಿಂಗ್ಸ್‌ನ ಮೂಲೆಯಲ್ಲಿ ಅಡಗಿಸಿಡಲಾಗಿದೆ. ವ್ಯಾಯಾಮ, ಜ್ವರಗಳನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವಾದ್ದರಿಂದ ಅಂಥ ದಿನಗಳಲ್ಲಿ ನಾನು ವೈದ್ಯರ ಸೂಚನೆಯನ್ನಷ್ಟೇ ಅನುಸರಿಸುತ್ತೇನೆ.