ಮಲಗಲು ಶವಪೆಟ್ಟಿಗೆ, ಕೂರಲು ಕುರ್ಚಿ: ‘ಸಿಂಫನಿ ಆಫ್ ದಿ ನೈಟ್’ ಜೊತೆ ಹಲವು ವರ್ಷ

ನಾಯಕ ಅಲುಕಾರ್ಡ್‌ನನ್ನು ಮಲಗಿಸದೆ ನಾನು ಈ ವಿಡಿಯೊ ಆಟವನ್ನು ಎಂದೂ ನಿಲ್ಲಿಸಿದ್ದಿಲ್ಲ. ‘ಕ್ಯಾಸಲ್‌ವೇನಿಯಾ: ಸಿಂಫನಿ ಆಫ್ ದಿ ನೈಟ್’ನಲ್ಲಿ ಸೇವ್ ಮಾಡಬೇಕಾದರೆ ಮೆನು ತೆರೆದರೆ ಸಾಲದು. ಕೋಟೆಯಲ್ಲಿ ಅಲ್ಲಲ್ಲಿ ಇರುವ ಪುಟ್ಟ ಕೋಣೆಯೊಂದನ್ನು ಹುಡುಕಿ ಹೋಗಿ, ಅಲ್ಲಿ ಗಾಳಿಯಲ್ಲಿ ನಿಧಾನವಾಗಿ ತಿರುಗುತ್ತಿರುವ ಹರಳಿನಂಥ ಆಕೃತಿಯೊಳಗೆ ನಿಲ್ಲಬೇಕು. ಆಗ ಅದು ಶವಪೆಟ್ಟಿಗೆಯಾಗಿ ಅವನನ್ನು ಮುಚ್ಚಿಕೊಳ್ಳುತ್ತದೆ. ಅವನು ಹೊರಬರುವಷ್ಟರಲ್ಲಿ ಪ್ರಾಣಶಕ್ತಿ ತುಂಬಿರುತ್ತದೆ, ಅಲ್ಲಿಯವರೆಗಿನ ಅಲೆದಾಟವೆಲ್ಲ ಮೆಮೊರಿ ಕಾರ್ಡಿನಲ್ಲಿ ದಾಖಲಾಗಿರುತ್ತದೆ. ರಕ್ತಪಿಶಾಚಿಯ ಮಗನಿಗೆ ಶವಪೆಟ್ಟಿಗೆಯೇ ಹಾಸಿಗೆ ಎಂಬ ಈ ಚಮತ್ಕಾರ ಮೊದಲ ದಿನ ನನಗೆ ನಗು ತರಿಸಿತ್ತು. ಆಮೇಲೆ ಅದು ದೀಪ ಆರಿಸಿ ಮಲಗುವಂಥ ದಿನಚರಿಯಾಯಿತು.

ಆಟ ಜಪಾನಿನಲ್ಲಿ 1997ರ ಮಾರ್ಚ್‌ನಲ್ಲಿ, ಅಮೆರಿಕದಲ್ಲಿ ಅದೇ ವರ್ಷದ ಅಕ್ಟೋಬರ್‌ನಲ್ಲಿ ಪ್ಲೇಸ್ಟೇಷನ್‌ಗೆ ಬಂತು. ಎಲ್ಲರೂ 3ಡಿಯ ಬೆನ್ನು ಹತ್ತಿದ್ದ ಕಾಲವದು. ಆಗ ಕೊನಾಮಿಯ ಒಂದು ತಂಡ ಪಕ್ಕದಿಂದ ನೋಡುವ ಹಳೆಯ ಮಾದರಿಯ ಚಿತ್ರಗಳಲ್ಲೇ ಇಡೀ ಕೋಟೆಯನ್ನು ಬರೆದು ಕೂತಿತ್ತು. ನಿರ್ದೇಶಕರು ತೊರು ಹಗಿಹಾರಾ. ಸಹಾಯಕ ನಿರ್ದೇಶಕರಾಗಿದ್ದ ಕೋಜಿ ಇಗರಾಶಿಯವರ ಹೆಸರೇ ಮುಂದೆ ಈ ಬಗೆಯ ಆಟಗಳಿಗೆಲ್ಲ ಅಂಟಿಕೊಂಡಿತು. ಕಥೆಯನ್ನು ಇಲ್ಲಿ ವಿವರಿಸುವುದಿಲ್ಲ. ಡ್ರಾಕುಲಾನ ಕೋಟೆ ಮತ್ತೆ ಎದ್ದಿದೆ, ಅವನನ್ನು ಕೊಲ್ಲಬೇಕಾದ ಬೆಲ್ಮಾಂಟ್ ವಂಶದ ರಿಕ್ಟರ್ ಕಾಣೆಯಾಗಿದ್ದಾನೆ, ಆದ್ದರಿಂದ ಡ್ರಾಕುಲಾನ ಮಗ ಅಲುಕಾರ್ಡನೇ ತಂದೆಯ ಮೇಲೆ ಹೊರಟಿದ್ದಾನೆ ಎಂಬಷ್ಟು ತಿಳಿದರೆ ಸಾಕು.

ನನ್ನ ಬಳಿ ಆಗ ಇದ್ದ ಆಟಗಳು ಬೆರಳೆಣಿಕೆಯಷ್ಟು, ಹೊಸದನ್ನು ಕೊಳ್ಳುವ ಶಕ್ತಿ ಅಪರೂಪಕ್ಕೆ ಒದಗುತ್ತಿತ್ತು. ಕೊಂಡದ್ದನ್ನು ತಿಂಗಳುಗಟ್ಟಲೆ ಆಡಲೇಬೇಕಿತ್ತು. ಈ ವಿಮರ್ಶೆಯ ಒಲವಿಗೆ ಅದೂ ಒಂದು ಕಾರಣವೆಂದು ಒಪ್ಪಿಕೊಳ್ಳುತ್ತೇನೆ. ಒಂದು ವಾರದಲ್ಲಿ ಮುಗಿಸಿ ಮುಂದಕ್ಕೆ ಹೋಗುವವರಿಗೆ ಈ ಕೋಟೆ ತನ್ನ ಅರ್ಧ ಸೊಬಗನ್ನೂ ತೋರಿಸುವುದಿಲ್ಲ, ಏಕೆಂದರೆ ಅದರ ಅತ್ಯುತ್ತಮ ಸಂಗತಿಗಳಿಂದ ಆಟಗಾರನಿಗೆ ಯಾವ ಲಾಭವೂ ಇಲ್ಲ.

ಕುರ್ಚಿಗಳನ್ನೇ ನೋಡಿ. ಕೋಟೆಯ ಕೆಲವು ಕುರ್ಚಿಗಳ ಮೇಲೆ ಅಲುಕಾರ್ಡ್ ಕೂರಬಲ್ಲ. ಕೂತರೆ ಅಂಕವಿಲ್ಲ, ಆಯುಧವಿಲ್ಲ, ಬಾಗಿಲು ತೆರೆಯುವುದಿಲ್ಲ. ಅವನು ಸುಮ್ಮನೆ ಒರಗಿ ಕೂರುತ್ತಾನೆ, ಜೊತೆಗೆ ಹಾರಾಡುವ ಪುಟ್ಟ ಯಕ್ಷಿಣಿ ಇದ್ದರೆ ಬಂದು ಅವನ ಭುಜದ ಮೇಲೆ ಕೂರುತ್ತಾಳೆ. ಹೊರಗೋಡೆಯಲ್ಲಿ ಒಂದು ದೂರದರ್ಶಕವಿದೆ. ಅದರ ಮುಂದೆ ನಿಂತರೆ ದೂರದ ನೀರಿನಲ್ಲಿ ಅಂಬಿಗನೊಬ್ಬ ದೋಣಿ ನಡೆಸುವುದು ಕಾಣುತ್ತದೆ, ಮುಂದೊಂದು ದಿನ ನೆಲದಡಿಯ ಗುಹೆಗಳಲ್ಲಿ ಅವನೇ ಎದುರಾಗುತ್ತಾನೆ. ಪ್ರಾರ್ಥನಾ ಮಂದಿರದ ತಪ್ಪೊಪ್ಪಿಗೆಯ ಕಟಕಟೆಯಲ್ಲಿ ಕೂತರೆ ಪಾದ್ರಿಯ ಭೂತವೊಂದು ಬಂದು ಪರದೆ ಎಳೆಯುತ್ತದೆ. ಕೆಲವು ಸಲ ಶಾಂತವಾಗಿ ಹೊರಟುಹೋಗುತ್ತದೆ, ಕೆಲವು ಸಲ ಪರದೆಯನ್ನು ಸೀಳಿಕೊಂಡು ಮೊನಚಾದ ಆಯುಧಗಳು ಬರುತ್ತವೆ. ಯಾವುದು ಯಾವಾಗ ಎಂಬುದನ್ನು ತಿಳಿಯಲು ನಾನು ಕಳೆದ ಸಂಜೆಗಳ ಲೆಕ್ಕ ಕೊಡಲು ನಾಚಿಕೆಯಾಗುತ್ತದೆ. ಇನ್ನು ನೆಲಗಡಲೆ: ಹೊಟ್ಟೆಗೆ ಸೇರಬೇಕಾದರೆ ಅದನ್ನು ಮೇಲಕ್ಕೆ ಎಸೆದು ಬಾಯಲ್ಲಿ ಹಿಡಿಯಬೇಕು. ಕತ್ತಿ ಹಿಡಿದು, ಬೆಳ್ಳಿಗೂದಲು ಹರಡಿಕೊಂಡು, ಬೆನ್ನ ಹಿಂದೆ ತನ್ನದೇ ನೆರಳಿನ ಸಾಲನ್ನು ಎಳೆದುಕೊಂಡು ರಾಜಗಾಂಭೀರ್ಯದಿಂದ ನಡೆಯುವ ಈ ಮನುಷ್ಯ ನೆಲಗಡಲೆಗಾಗಿ ಬಾಯಿ ತೆರೆದು ನಿಲ್ಲುವುದನ್ನು ನೋಡಬೇಕು.

ಇವೆಲ್ಲಕ್ಕೂ ಹಿನ್ನೆಲೆಯಾಗಿ ಮಿಚಿರು ಯಮಾನೆಯವರ ಸಂಗೀತವಿದೆ. ಗ್ರಂಥಾಲಯಕ್ಕೆ ಕಾಲಿಟ್ಟರೆ ಹಾರ್ಪ್ಸಿಕಾರ್ಡಿನ ಅಚ್ಚುಕಟ್ಟಾದ ನುಡಿ, ಗಡಿಯಾರದ ಗೋಪುರದಲ್ಲಿ ಹಲ್ಲುಚಕ್ರಗಳ ನಡುವೆ ಎಲೆಕ್ಟ್ರಿಕ್ ಗಿಟಾರಿನ ಅಬ್ಬರ. ಎರಡೂ ಒಂದೇ ಮನೆಯೊಳಗಿನ ಕೋಣೆಗಳೆಂದು ನಂಬಿಸುವ ಕೆಲಸ ಸುಲಭದ್ದಲ್ಲ. ಆಟದ ಡಿಸ್ಕನ್ನು ಹಾಡು ಕೇಳುವ ಸಿಡಿ ಪ್ಲೇಯರಿಗೆ ಹಾಕಿದರೆ ಅಲುಕಾರ್ಡ್ ತಾನೇ ಮಾತನಾಡಿ ಎಚ್ಚರಿಸುತ್ತಾನೆ, ಬಳಿಕ ಒಂದು ಸಂಗೀತ ಕೇಳಿಸುತ್ತದೆ. ಅದನ್ನು ಕೇಳಿದ ರಾತ್ರಿ ನಾನು ನಿಜವಾಗಿ ಬೆಚ್ಚಿದ್ದೆ. ಹಾಗೆ ನೋಡಿದರೆ ಇಡೀ ಆಟದಲ್ಲಿ ನನ್ನನ್ನು ಹೆದರಿಸಿದ್ದು ಎರಡೇ ಸಂಗತಿ. ಇನ್ನೊಂದು ಶವಪೆಟ್ಟಿಗೆಗೇ ಸೇರಿದ್ದು. ನೆಲದಡಿಯ ಗುಹೆಗಳಲ್ಲಿ ಸೇವ್ ಕೋಣೆಯಂತೆಯೇ ಕಾಣುವ ಒಂದು ಕೋಣೆಯಿದೆ. ಎಂದಿನ ನೆಮ್ಮದಿಯಿಂದ ಒಳಗೆ ನಿಂತರೆ ನಿದ್ರೆಯ ಬದಲು ದುಃಸ್ವಪ್ನ ಬರುತ್ತದೆ: ಮರಣದಂಡನೆಗೆ ಗುರಿಯಾದ ತಾಯಿ ಲೀಸಾ ಎದುರಿಗಿದ್ದಾಳೆ, ಅವಳ ರೂಪದಲ್ಲಿ ಮಾತನಾಡುತ್ತಿರುವುದು ಮೋಹಿನಿ. ಎಷ್ಟೋ ಗಂಟೆಗಳ ಕಾಲ ನಂಬಿಕೊಂಡು ಬಂದ ಹಾಸಿಗೆಯೇ ಮೋಸ ಮಾಡಿದಾಗ ಆಗುವ ಆಘಾತವನ್ನು ಯಾವ ಅಸ್ಥಿಪಂಜರವೂ ಕೊಡಲಾರದು.

ನನ್ನ ಪಾಲಿಗೆ ಶವಪೆಟ್ಟಿಗೆ ಇನ್ನೊಂದು ಬಗೆಯಲ್ಲಿಯೂ ಮೋಸ ಮಾಡಿತು, ಆದರೆ ಆ ತಪ್ಪು ಆಟದ್ದಲ್ಲ. ದುಡ್ಡು ಉಳಿಸಲೆಂದು ಕೊಂಡಿದ್ದ, ಹೆಸರೇ ಕೇಳಿರದ ತಯಾರಕರ ಮೆಮೊರಿ ಕಾರ್ಡ್ ಒಂದು ಸಂಜೆ ತನ್ನೊಳಗೆ ಏನೂ ಇಲ್ಲವೆಂದು ತೋರಿಸಿತು. ಎರಡನೆಯ ಕೋಟೆಯ ಮುಕ್ಕಾಲು ಪಾಲು ನಕ್ಷೆ ತುಂಬಿತ್ತು. ಕಂಟ್ರೋಲರನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಗೋಡೆ ನೋಡುತ್ತ ಕೂತೆ. ಬಳಿಕ ಬೇರೆ ಆಟ ಇಲ್ಲದ ಕಾರಣಕ್ಕೆ ಮೊದಲಿನಿಂದ ಶುರು ಮಾಡಿದೆ.

ಆಗಲೇ ನನಗೆ ಅರಿವಾದದ್ದು, ಕಳೆದುಕೊಂಡ ಎರಡನೆಯ ಕೋಟೆಗಾಗಿ ನನಗೆ ನಿಜಕ್ಕೂ ದುಃಖವಾಗಿರಲಿಲ್ಲ ಎಂಬುದು. ಅದರ ಬಗ್ಗೆ ಈಗ ಹೇಳಲೇಬೇಕು. ಮೊದಲ ಸಲ ಆಡುವವರು, ಮಾಟಕ್ಕೆ ಸಿಲುಕಿ ಎದುರು ನಿಲ್ಲುವ ರಿಕ್ಟರ್‌ನನ್ನು ಕೊಂದು, ಆಟ ಮುಗಿಯಿತೆಂದು ನಂಬಿ ಎದ್ದು ಹೋಗುವ ಅಪಾಯವಿದೆ. ನಾನೂ ಹಾಗೆಯೇ ಎದ್ದು ಹೋಗಿದ್ದೆ. ಎರಡು ಉಂಗುರಗಳನ್ನು ಹುಡುಕಿ, ಗಡಿಯಾರದ ಕೋಣೆಯಲ್ಲಿ ತೊಟ್ಟು, ಕೆಳಗೆ, ರಿಕ್ಟರ್‌ನನ್ನು ಹುಡುಕುತ್ತಿರುವ ಮರಿಯಾ ಎಂಬ ಯುವತಿಯಿಂದ ಪವಿತ್ರ ಕನ್ನಡಕವನ್ನು ಪಡೆದು, ಅದನ್ನು ಧರಿಸಿ ರಿಕ್ಟರ್‌ನ ಮೇಲೆ ತೇಲುವ ಹಸಿರು ಗೋಳಕ್ಕೆ ಹೊಡೆದರೆ ಮಾತ್ರ ಆಕಾಶದಲ್ಲಿ ಇನ್ನೊಂದು ಕೋಟೆ ತಲೆಕೆಳಗಾಗಿ ಇಳಿದು ಬರುತ್ತದೆ. ಆ ಕ್ಷಣದ ಬೆರಗನ್ನು ನಾನು ಅಲ್ಲಗಳೆಯುವುದಿಲ್ಲ. ನಕ್ಷೆಯ ಪ್ರಮಾಣ ಶೇ 100ರಲ್ಲಿ ನಿಲ್ಲದೆ ಶೇ 200.6ರವರೆಗೆ ಏರುತ್ತದೆ ಎಂದು ತಿಳಿದಾಗ ಯಾರ ಮನಸ್ಸು ಹಿಗ್ಗುವುದಿಲ್ಲ?

ಆದರೆ ಒಳಗೆ ಹೋದ ಮೇಲೆ ಆ ಹಿಗ್ಗು ಬಹಳ ದಿನ ಉಳಿಯುವುದಿಲ್ಲ. ಹತ್ತಿದ ಮೆಟ್ಟಿಲುಗಳೇ ಈಗ ಚಾವಣಿಯಲ್ಲಿವೆ. ಮೊದಲ ಕೋಟೆಯಲ್ಲಿ ಭಾಗ ಭಾಗಕ್ಕೂ ತನ್ನದೇ ಸಂಗೀತವಿದ್ದರೆ ಇಲ್ಲಿ ಒಂದೇ ರಾಗ ಹಲವು ಕಡೆ ಸುತ್ತುತ್ತದೆ. ಗ್ರಂಥಾಲಯದಲ್ಲಿ ಚೌಕಾಸಿಗೆ ಜಗ್ಗದ ಮುದುಕನಿಲ್ಲ, ಮಾತಿಗೆ ಯಾರೂ ಸಿಗುವುದಿಲ್ಲ. ನನಗೆ ಎಲ್ಲಕ್ಕಿಂತ ಚುಚ್ಚಿದ್ದು ಕುರ್ಚಿಗಳು. ಕೋಟೆ ತಲೆಕೆಳಗಾದಾಗ ಅವೂ ಮೇಲಕ್ಕೆ ಹೋಗಿ ತೂಗುತ್ತಿವೆ. ಕೂರಲು ಒಂದು ಜಾಗವಿಲ್ಲ. ಶವಪೆಟ್ಟಿಗೆಗಳು ಉಳಿದಿವೆ, ಅಷ್ಟೇ ಸಮಾಧಾನ.

ಇದರ ಜೊತೆಗೆ ಆಟ ಸಲೀಸಾಗುತ್ತ ಹೋಗುವ ದೋಷವೊಂದಿದೆ. ಆರಂಭದಲ್ಲಿ ಮೃತ್ಯು ಎದುರಿಗೆ ಬಂದು ಅಲುಕಾರ್ಡ್‌ನ ಉತ್ಕೃಷ್ಟ ಕತ್ತಿ, ಗುರಾಣಿ, ಕವಚಗಳನ್ನೆಲ್ಲ ಕಿತ್ತುಕೊಂಡು ಹೋದಾಗ, ಬರಿಗೈಯಲ್ಲಿ ಗುದ್ದುತ್ತ ಅಸ್ಥಿಪಂಜರಗಳ ಎದುರು ನಡೆದ ಆ ಮೊದಲ ಗಂಟೆಗಳಲ್ಲಿ ಪ್ರತಿ ಸೇವ್ ಕೋಣೆಯೂ ಮರುಭೂಮಿಯ ನೀರಿನಂತೆ ಕಾಣುತ್ತಿತ್ತು. ಲೆವೆಲ್ ಏರಿದಂತೆ ಆ ಭಯ ಕರಗುತ್ತದೆ. ನಿಷಿದ್ಧ ಗ್ರಂಥಾಲಯದ ಸ್ಮೂ ಎಂಬ ತೇಲುವ ತಲೆಯಿಂದ ಕ್ರಿಸೇಗ್ರಿಮ್ ಕತ್ತಿ ಉದುರಿದರೆ, ನಡೆಯುತ್ತಲೇ ಎದುರಿನವರನ್ನೆಲ್ಲ ಕೊಚ್ಚಿ ಹಾಕಬಹುದು. ಒಂದು ನಿರ್ದಿಷ್ಟ ದಂಡವನ್ನು ಅಲುಕಾರ್ಡ್‌ನ ಗುರಾಣಿಯೊಂದಿಗೆ ಬಳಸಿದರೆ ದೊಡ್ಡ ದೊಡ್ಡ ಬಾಸ್‌ಗಳೂ, ಅಂದರೆ ಮುಖ್ಯ ಶತ್ರುಗಳೂ, ಕ್ಷಣಗಳಲ್ಲಿ ಕರಗುತ್ತವೆ. ತಂದೆ ಮಗನ ಕೊನೆಯ ಯುದ್ಧ ನನಗೆ ಒಂದು ನಿಮಿಷವೂ ಹಿಡಿಯಲಿಲ್ಲ. ಅಷ್ಟು ದೂರ ನಡೆಸಿಕೊಂಡು ಬಂದು ಅಷ್ಟು ಬೇಗ ಮುಗಿಸಿದ್ದಕ್ಕೆ ಬೇಸರವಾಯಿತು. ಆ ಬೇಸರದ ಮೇಲೆ ಕೊನೆಯಲ್ಲಿ ಬರುವ ಹಾಡು, ಯಾವುದೋ ಪ್ರೇಮಕಥೆಗೆ ಹೊಂದುವ ಮೆಲುದನಿಯ ಹಾಡು, ಕೋಟೆ ಕುಸಿದ ಧೂಳು ಅಡಗುವ ಮೊದಲೇ ಶುರುವಾಗುತ್ತದೆ.

ಹೊಸದಾಗಿ ಆಡಬೇಕೆನ್ನುವವರಿಗೆ ಯಾವ ಆವೃತ್ತಿ ಒಳ್ಳೆಯದು ಎಂಬ ಪ್ರಶ್ನೆಗೆ ನನ್ನ ಉತ್ತರ ಈ ದಿನಚರಿಯಿಂದಲೇ ಹುಟ್ಟಿದ್ದು. 2007ರಲ್ಲಿ ಕೈಯಲ್ಲಿ ಹಿಡಿದು ಆಡುವ ಪಿಎಸ್‌ಪಿ ಯಂತ್ರಕ್ಕೆ ಬಂದಾಗ ಸಂಭಾಷಣೆಯನ್ನು ಹೊಸದಾಗಿ ಅನುವಾದಿಸಿ ಹೊಸ ಕಲಾವಿದರಿಂದ ಹೇಳಿಸಿದರು. 2018ರ ಪ್ಲೇಸ್ಟೇಷನ್ 4ರ ಆವೃತ್ತಿಯಲ್ಲಿಯೂ ಅವೇ ದನಿಗಳಿವೆ. ಅವು ಹದವಾಗಿವೆ, ಅರ್ಥಪೂರ್ಣವಾಗಿವೆ. ಆದರೂ ನನಗೆ ಹಳೆಯ ದನಿಗಳೇ ಬೇಕು. ವೈನ್ ಲೋಟವನ್ನು ಎಸೆದು, ಕಂಪನಿ ನಾಟಕದ ಖಳನಂತೆ ಒಂದೊಂದು ಪದವನ್ನೂ ಎಳೆದು ಗುಡುಗುವ ಆ ಡ್ರಾಕುಲಾನನ್ನು ತಿದ್ದುವ ಅಗತ್ಯ ಏನಿತ್ತು ಎಂದು ಈಗಲೂ ಅನಿಸುತ್ತದೆ. 2020ರ ಮಾರ್ಚ್‌ನಲ್ಲಿ ಮೊಬೈಲಿಗೂ ಬಂತು. ಗಾಜಿನ ಮೇಲೆ ಬೆರಳಿಟ್ಟು ಆಡುವುದು ನನ್ನ ಕೈಗೆ ಒಗ್ಗಲಿಲ್ಲ. ಓಡುವ ಬದಲು ಹಿಂದಕ್ಕೆ ಜಾರುತ್ತ ಕೋಟೆ ದಾಟುವ ನನ್ನ ಹಳೆಯ ಚಟಕ್ಕೆ ನಿಜವಾದ ಗುಂಡಿಯೇ ಬೇಕು. ಪ್ರತ್ಯೇಕ ಕಂಟ್ರೋಲರ್ ಜೋಡಿಸಬಹುದು, ಜೋಡಿಸಿದರೆ ಚೆನ್ನಾಗಿಯೇ ನಡೆಯುತ್ತದೆ. ಆದರೆ ಸತ್ತರೆ ಅಲ್ಲಿಂದಲೇ ಮುಂದುವರಿಯುವ ಅನುಕೂಲವನ್ನೂ ಅದರಲ್ಲಿ ಸೇರಿಸಿದ್ದಾರೆ. ಬಿಡುವಿಲ್ಲದವರಿಗೆ ಅದು ವರವೆಂಬುದು ನಿಜ. ನನ್ನ ಮಟ್ಟಿಗೆ ಅದು ಶವಪೆಟ್ಟಿಗೆಗಿದ್ದ ಬೆಲೆಯನ್ನು ಇಳಿಸಿತು: ಕೊನೆಯ ಹನಿ ಪ್ರಾಣಶಕ್ತಿ ಉಳಿಸಿಕೊಂಡು, ಉಸಿರು ಬಿಗಿಹಿಡಿದು, ಮುಂದಿನ ಬಾಗಿಲಾಚೆ ಆ ತಿರುಗುವ ಹರಳು ಇರಲಿ ಎಂದು ಬಯಸುತ್ತ ನಡೆಯುವುದರಲ್ಲಿದ್ದ ಸುಖ ಅಲ್ಲಿ ಸಿಗಲಿಲ್ಲ.

ಹೀಗೆ ದೂರುತ್ತಲೇ ನಾನು ಹೆಚ್ಚುಕಡಿಮೆ ವರ್ಷಕ್ಕೊಮ್ಮೆ ಮೊದಲ ಕೋಟೆಯನ್ನು ಮತ್ತೆ ಆಡುತ್ತೇನೆ. ಎರಡನೆಯದಕ್ಕೆ ಹೋಗುವುದು ಕಡ್ಡಾಯವೆಂದು ಈಗ ಭಾವಿಸಿಲ್ಲ. ಈ ಸಲದ ಆಟವೂ ಅರ್ಧಕ್ಕೆ ನಿಂತಿದೆ, ಅದಕ್ಕೆ ಕಾರಣ ಹಕ್ಕಿಗಳು. ಪ್ರಾರ್ಥನಾ ಮಂದಿರದ ಎತ್ತರದ ಮೆಟ್ಟಿಲು ಗೋಪುರದಲ್ಲಿ ಒಂದು ಗೂಡಿದೆ. ಪ್ರತಿ ಸಲ ಮರಳಿ ಹೋದಾಗ ಅಲ್ಲಿಯ ಸಂಸಾರ ಒಂದು ಹೆಜ್ಜೆ ಮುಂದೆ ಹೋಗಿರುತ್ತದೆ. ನಿನ್ನೆ ರಾತ್ರಿ ನೋಡಿದಾಗ ಮರಿಗಳು ಇನ್ನೂ ಗೂಡಿನಲ್ಲೇ ಇದ್ದವು. ಅವು ಹಾರಿಹೋಗುವವರೆಗೆ ರಿಕ್ಟರ್ ತನ್ನ ಸಿಂಹಾಸನದ ಮೇಲೆ ಕಾಯಲಿ ಎಂದುಕೊಂಡು, ಹತ್ತಿರದ ಕೋಣೆಗೆ ನಡೆದು, ಅಲುಕಾರ್ಡ್‌ನನ್ನು ಮಲಗಿಸಿ ಎದ್ದೆ.